ಮುಂದಿನ ಸರ್ಟಿಫಿಕೇಶನ್ ಯಾವುದು? ಹೆಸರಿಗಿಂತ ಮೊದಲು ಓದು ನೋಡಿ

ಐಟಿ ಕೆಲಸಕ್ಕಾಗಿ ಒಂದು ಸರ್ಟಿಫಿಕೇಶನ್ ಮುಗಿಸಿದವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಮುಂದೆ ಯಾವುದು ಮಾಡ್ಲಿ?" ಕೇಳುವಾಗಲೇ ಮೂರು ನಾಲ್ಕು ಹೆಸರು ಕೈಯಲ್ಲಿ ಇರುತ್ತವೆ. ಸಿಸಿಎನ್‌ಎ, ಸೆಕ್ಯುರಿಟಿ ಪ್ಲಸ್, ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್, ಎಝಡ್-104, ಜೊತೆಗೆ ಯಾರೋ ಹೇಳಿದರು ಅಂತ ಸಿಕೆಎ. ಮೊದಲನೆಯದು ನೆಟ್‌ವರ್ಕಿಂಗ್‌ನದು, ಎರಡನೆಯದು ಸೆಕ್ಯುರಿಟಿಯದು, ಆಮೇಲಿನ ಎರಡು ಅಮೆಜಾನ್ ಮತ್ತು ಮೈಕ್ರೋಸಾಫ್ಟ್‌ನ ಕ್ಲೌಡ್‌ಗಳದು (ಎಡಬ್ಲ್ಯುಎಸ್, ಅಝೂರ್), ಕೊನೆಯದು ಅಪ್ಲಿಕೇಶನ್‌ಗಳನ್ನು ಹಲವು ಸರ್ವರ್‌ಗಳ ಮೇಲೆ ಓಡಿಸುವ ಕ್ಯೂಬರ್ನೆಟೀಸ್ ಅನ್ನುವ ತಂತ್ರಾಂಶದ್ದು. ಇದರಲ್ಲಿ ಕೆಟ್ಟದ್ದು ಯಾವುದೂ ಇಲ್ಲ, ಗೊಂದಲ ಆಗೋದೂ ಅದಕ್ಕೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ನಿಮ್ಮ ರೆಸ್ಯೂಮೆಯನ್ನು ಮೊದಲ ಜರಡಿ ದಾಟಿಸುತ್ತದೆ, ಅಷ್ಟೇ. ಆಮೇಲೆ ಇಂಟರ್‌ವ್ಯೂನಲ್ಲಿ ಕೂತಾಗ ಕೆಲಸಕ್ಕೆ ಬರೋದು ಆ ಪರೀಕ್ಷೆಗೆ ಓದುವಾಗ ನೀವು ಕೈಯಾರೆ ಮಾಡಿದ್ದು. ಹಾಗಾಗಿ ಹೋಲಿಸಬೇಕಾದ್ದು ಹೆಸರುಗಳನ್ನಲ್ಲ, ಆ ಹೆಸರಿಗಾಗಿ ನೀವು ಕಳೆಯಲಿರುವ ಎರಡು ಮೂರು ತಿಂಗಳನ್ನು. ಆ ತಿಂಗಳುಗಳಲ್ಲಿ ನೀವು ದಿನಾ ಏನು ಮಾಡುತ್ತೀರಿ? ರೂಟರ್ ಕಾನ್ಫಿಗರ್ ಮಾಡ್ತೀರಾ, ಪದಗಳ ಅರ್ಥ ಬಾಯಿಪಾಠ ಮಾಡ್ತೀರಾ, ಮುರಿದ ಸರ್ವರ್ ಸರಿ ಮಾಡ್ತೀರಾ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಪಟ್ಟಿಯಲ್ಲಿ ಅರ್ಧ ತಾನಾಗೇ ಉದುರಿಹೋಗುತ್ತದೆ.

ಯಾವುದನ್ನು ನೋಡಿ ಅಳೆಯೋದು

ಮೊದಲನೆಯದು, ಇವತ್ತು ನಿಮ್ಮ ಕೈ ಯಾವುದರ ಮೇಲೆ ಆಡುತ್ತಿದೆ ಅನ್ನೋದು. ಈಗಿನ ಕೆಲಸಕ್ಕೆ ಒಂದು ಹೆಜ್ಜೆ ಪಕ್ಕದಲ್ಲಿರುವ ಸರ್ಟಿಫಿಕೇಶನ್ ಬೇಗ ಮುಗಿಯುತ್ತದೆ, ಮುಗಿದ ಮೇಲೆ ಮರೆತೂ ಹೋಗಲ್ಲ. ಹೆಲ್ಪ್‌ಡೆಸ್ಕ್‌ನಲ್ಲಿ ಇರುವವರು ನೇರವಾಗಿ ಕ್ಯೂಬರ್ನೆಟೀಸ್‌ಗೆ ಹಾರಬಹುದು, ಯಾರೂ ತಡೆಯಲ್ಲ. ಆದರೆ ಪರೀಕ್ಷೆ ಆದ ಆರು ತಿಂಗಳಿಗೆ ಕಮಾಂಡ್‌ಗಳೆಲ್ಲ ಆವಿಯಾಗಿರುತ್ತವೆ. ದಿನಾ ಮುಟ್ಟದ ವಿಷಯ ಉಳಿಯಲ್ಲ, ಅಲ್ವಾ?

ಎರಡನೆಯದು ಪರೀಕ್ಷೆಯ ಬಗೆ. ಇದನ್ನು ಜನ ಗಮನಿಸೋದೇ ಕಡಿಮೆ. ಕೆಲವು ಪರೀಕ್ಷೆಗಳಲ್ಲಿ ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಆರಿಸಿ ಅಂತಾರೆ. ಕೆಲವು ನಿಜವಾದ ಟರ್ಮಿನಲ್ ಮುಂದೆ ಕೂರಿಸಿ "ಇದನ್ನು ಸರಿ ಮಾಡಿ" ಅಂತಾರೆ. ಎರಡಕ್ಕೂ ಓದುವ ರೀತಿ ಪೂರ್ತಿ ಬೇರೆ.

ಮೂರನೆಯದು ಒಟ್ಟು ಖರ್ಚು. ಪರೀಕ್ಷೆಯ ಶುಲ್ಕ ಅದರ ಒಂದು ಭಾಗ ಮಾತ್ರ. ಫೇಲಾದರೆ ಮತ್ತೆ ಕಟ್ಟಬೇಕಾ, ಲ್ಯಾಬ್‌ಗೆ ಎಷ್ಟು, ಅಭ್ಯಾಸದ ಪರೀಕ್ಷೆಗಳಿಗೆ ಎಷ್ಟು, ಪಾಸಾದ ಮೇಲೆ ವರ್ಷಾವರ್ಷ ಏನಾದರೂ ಕಟ್ಟಬೇಕಾ, ಇದೆಲ್ಲ ಸೇರಿಸಿ ನೋಡಿ.

ನಾಲ್ಕನೆಯದು ಅವಧಿ. ಸುಮಾರು ಎಲ್ಲ ಸರ್ಟಿಫಿಕೇಟ್‌ಗಳೂ ಒಂದು ದಿನ ಸಾಯುತ್ತವೆ. ಕೆಲವು ಒಂದು ವರ್ಷಕ್ಕೆ, ಕೆಲವು ಎರಡು ಅಥವಾ ಮೂರು ವರ್ಷಕ್ಕೆ. ನವೀಕರಣ ಸುಲಭವೋ ಕಷ್ಟವೋ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತದೆ.

ಐದನೆಯದು ಸರಳ. ನಿಮಗೆ ಬೇಕಾದ ಹುದ್ದೆಯ ಇಪ್ಪತ್ತು ಮೂವತ್ತು ಜಾಹೀರಾತು ತೆರೆದು ಯಾವ ಹೆಸರು ಎಷ್ಟು ಸಲ ಬಂತು ಅಂತ ಎಣಿಸಿ. ಅರ್ಧ ಗಂಟೆಯ ಕೆಲಸ. "ಈಗ ಯಾವುದಕ್ಕೆ ಡಿಮ್ಯಾಂಡ್" ಅನ್ನುವ ನೂರು ವಿಡಿಯೋಗಿಂತ ಇದು ಮೇಲು, ಯಾಕೆಂದರೆ ಇದು ನಿಮ್ಮ ಊರಿನ, ನಿಮ್ಮ ಮಟ್ಟದ ಲೆಕ್ಕ.

ನೆಟ್‌ವರ್ಕಿಂಗ್: ನೆಟ್‌ವರ್ಕ್ ಪ್ಲಸ್ ಸಾಕಾ, ಸಿಸಿಎನ್‌ಎ ಬೇಕಾ

ಎರಡೂ ಕಲಿಸೋದು ಬಹುಪಾಲು ಒಂದೇ ಪಾಠ. ಆದರೆ ಆಳ ಬೇರೆ. ಕಾಂಪ್‌ಟಿಯಾ ಅನ್ನುವ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಯಾವ ಕಂಪನಿಯ ಸಾಧನಕ್ಕೂ ಕಟ್ಟುಬೀಳಲ್ಲ, ಪರಿಭಾಷೆ ಮತ್ತು ಪರಿಕಲ್ಪನೆ ಜಾಸ್ತಿ. 90 ನಿಮಿಷ, ಗರಿಷ್ಠ 90 ಪ್ರಶ್ನೆ, 900ಕ್ಕೆ 720 ಬಂದರೆ ಪಾಸ್. ನೆಟ್‌ವರ್ಕ್ ಸಾಧನ ತಯಾರಿಸುವ ಸಿಸ್ಕೋದ ಸಿಸಿಎನ್‌ಎ ಅಂದರೆ 200-301 ಅನ್ನುವ ಒಂದೇ ಪರೀಕ್ಷೆ, 120 ನಿಮಿಷ. 2020ರ ಫೆಬ್ರವರಿಯಲ್ಲಿ ಹಳೆಯ ಹಲವು ಬಗೆಯ ಸಿಸಿಎನ್‌ಎಗಳನ್ನೆಲ್ಲ ಸೇರಿಸಿ ಇದೊಂದನ್ನು ಮಾಡಿದರು, 2024ರಲ್ಲಿ ಪಠ್ಯವನ್ನು ಸ್ವಲ್ಪ ತಿದ್ದಿದರು. ಇದರಲ್ಲಿ ಐಪಿ ಕನೆಕ್ಟಿವಿಟಿಗೇ 25 ಶೇಕಡಾ ತೂಕ ಇದೆ. ಸ್ಟ್ಯಾಟಿಕ್ ರೂಟ್, ಓಎಸ್‌ಪಿಎಫ್ ಅನ್ನುವ ರೂಟಿಂಗ್ ಪ್ರೋಟೊಕಾಲ್, ರೂಟಿಂಗ್ ಟೇಬಲ್ ಓದೋದು, ಇವೆಲ್ಲ ಅಲ್ಲೇ ಬರುತ್ತವೆ. ಆಟೊಮೇಶನ್‌ಗೆ 10 ಶೇಕಡಾ.

ಶುಲ್ಕದಲ್ಲಿ ಒಂದು ತಮಾಷೆ ಇದೆ. ಸಿಸಿಎನ್‌ಎ 300 ಡಾಲರ್. ಅದಕ್ಕಿಂತ ಸುಲಭವಾದ ನೆಟ್‌ವರ್ಕ್ ಪ್ಲಸ್‌ನ ಪಟ್ಟಿ ಬೆಲೆ ಅದಕ್ಕಿಂತ ಜಾಸ್ತಿ! ಹೀಗಿರುವಾಗ ನೆಟ್‌ವರ್ಕ್ ಕೆಲಸಕ್ಕೇ ಹೋಗಬೇಕು ಅಂತ ಗಟ್ಟಿಯಾಗಿ ತೀರ್ಮಾನಿಸಿದವರು ನೆಟ್‌ವರ್ಕ್ ಪ್ಲಸ್ ಮಾಡಿ ಆಮೇಲೆ ಸಿಸಿಎನ್‌ಎ ಮಾಡೋದರಲ್ಲಿ ನನಗೆ ಅರ್ಥ ಕಾಣಲ್ಲ. ನೇರ ಸಿಸಿಎನ್‌ಎಗೆ ಹೋಗಿ. ಮೊದಲು ಬೇರೆ ಏನೂ ಪಾಸ್ ಮಾಡಿರಬೇಕು ಅನ್ನುವ ನಿಯಮ ಇಲ್ಲ. ನೆಟ್‌ವರ್ಕ್ ಪ್ಲಸ್ ಯಾರಿಗೆ ಅಂದರೆ, ನೆಟ್‌ವರ್ಕ್ ಎಂಜಿನಿಯರ್ ಆಗುವ ಆಸೆ ಇಲ್ಲ, ಆದರೆ ಸೆಕ್ಯುರಿಟಿಗೋ ಸಿಸ್ಟಂ ಅಡ್ಮಿನ್ ಕೆಲಸಕ್ಕೋ ಹೋಗುವ ಮೊದಲು ಅಡಿಪಾಯ ಬೇಕು ಅನ್ನುವವರಿಗೆ. ಅವರಲ್ಲೂ ಎಷ್ಟೋ ಜನ ಪಠ್ಯ ಓದಿ ಪರೀಕ್ಷೆ ಬಿಟ್ಟರೂ ನಷ್ಟವಿಲ್ಲ.

ಸಿಸಿಎನ್‌ಎ ಓದಿನ ದೊಡ್ಡ ಲಾಭ ಅದರ ಲ್ಯಾಬ್. ಪ್ಯಾಕೆಟ್ ಟ್ರೇಸರ್ ಅನ್ನುವ ಸಿಮ್ಯುಲೇಟರನ್ನು ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಪುಕ್ಕಟೆ ಕೊಡುತ್ತಾರೆ. ಹಳೆ ಸ್ವಿಚ್, ರೂಟರ್ ಕೊಂಡು ಮೇಜಿನ ಮೇಲೆ ಪೇರಿಸುವ ಹುಚ್ಚು ಇದ್ದರೆ ಇರಲಿ, ಪರೀಕ್ಷೆಗೆ ಅದು ಬೇಕಿಲ್ಲ. ಒಂದು ಎಚ್ಚರಿಕೆ: ಈ ಪರೀಕ್ಷೆಯಲ್ಲಿ ಮುಂದಿನ ಪ್ರಶ್ನೆಗೆ ಹೋದಮೇಲೆ ಹಿಂದಕ್ಕೆ ಬರೋಕೆ ಆಗಲ್ಲ. ಹಾಗಾಗಿ ಸಬ್‌ನೆಟ್ ಲೆಕ್ಕ (ಐಪಿ ವಿಳಾಸಗಳನ್ನು ಚಿಕ್ಕ ಗುಂಪುಗಳಾಗಿ ಒಡೆಯುವ ಲೆಕ್ಕ) ನಿಧಾನ ಆದರೆ ಉಳಿದದ್ದೆಲ್ಲ ಕೈಕೊಡುತ್ತದೆ. 192.168.10.77/27 ಅಂತ ನೋಡಿದ ತಕ್ಷಣ ಇದು .64ರಿಂದ .95ರವರೆಗಿನ ಬ್ಲಾಕ್, ಬಳಸಲು ಸಿಗೋದು 30 ವಿಳಾಸ ಅಂತ ಅರ್ಧ ನಿಮಿಷದಲ್ಲಿ ಹೊಳೆಯಬೇಕು. ಅಲ್ಲಿಗೆ ಬರುವವರೆಗೆ ದಿನಾ ಹತ್ತು ಲೆಕ್ಕ ಮಾಡಿ.

ಸೆಕ್ಯುರಿಟಿ: ಹೆಸರು ದೊಡ್ಡದು, ಬಾಗಿಲು ಬೇರೆ ಬೇರೆ

ಸೆಕ್ಯುರಿಟಿ ಪ್ಲಸ್ ಪ್ರವೇಶ ಮಟ್ಟದ್ದು. 2023ರ ನವೆಂಬರ್‌ನಲ್ಲಿ ಬಂದ ಆವೃತ್ತಿಯ ಹೆಸರು ಎಸ್‌ವೈ0-701. ಇಲ್ಲೂ 90 ನಿಮಿಷ, ಗರಿಷ್ಠ 90 ಪ್ರಶ್ನೆ, ಪಾಸಾಗಲು 900ಕ್ಕೆ 750. ಅಮೆರಿಕದ ರಕ್ಷಣಾ ಇಲಾಖೆ ತನ್ನ ಕೆಲವು ಹುದ್ದೆಗಳಿಗೆ ಒಪ್ಪುವ ಸರ್ಟಿಫಿಕೇಶನ್‌ಗಳ ಪಟ್ಟಿಯಲ್ಲಿ ಇದು ಇದೆ. ಇದಕ್ಕೆ ಇಷ್ಟು ಹೆಸರು ಬರಲು ಅದೂ ಒಂದು ಕಾರಣ. ವಿಷಯ ತುಂಬಾ ಅಗಲ, ಆಳ ಕಡಿಮೆ. ದಾಳಿಗಳ ಬಗೆ, ಎನ್‌ಕ್ರಿಪ್ಶನ್, ಅಪಾಯದ ಲೆಕ್ಕಾಚಾರ, ನೀತಿ ನಿಯಮ, ಎಲ್ಲವೂ ಸ್ವಲ್ಪ ಸ್ವಲ್ಪ. ಸಂಕ್ಷಿಪ್ತ ಪದಗಳ ಕಾಡು. ಓದಿ ಮುಗಿಸಿದವರಿಗೆ ಸೆಕ್ಯುರಿಟಿಯ ಭಾಷೆ ಬರುತ್ತದೆ, ಕೆಲಸ ಬರಲ್ಲ. ಅದನ್ನು ತಿಳಿದೇ ಮಾಡಿದರೆ ಒಳ್ಳೆಯ ಆಯ್ಕೆ. ಇದರ ಜೊತೆ ಒಂದು ಪುಟ್ಟ ಲ್ಯಾಬ್ ಇಟ್ಟು ಲಾಗ್ ಓದೋದು, ಪ್ಯಾಕೆಟ್ ಹಿಡಿದು ನೋಡೋದು ಅಭ್ಯಾಸ ಮಾಡಿಕೊಂಡರೆ ಮಾತ್ರ ಇಂಟರ್‌ವ್ಯೂನಲ್ಲಿ ಬಾಯಿ ತೆರೆಯಬಹುದು.

ಇದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ 50 ಕ್ರೆಡಿಟ್ ಗಳಿಸಬೇಕು, ಜೊತೆಗೆ ಶುಲ್ಕವೂ ಇದೆ. ಇನ್ನೊಂದು ದಾರಿ, ಕಾಂಪ್‌ಟಿಯಾದ ಮೇಲಿನ ಮಟ್ಟದ ಪರೀಕ್ಷೆ ಪಾಸ್ ಮಾಡಿದರೆ ಕೆಳಗಿನವು ತಾವಾಗೇ ಮುಂದುವರಿಯುತ್ತವೆ.

ಸೆಕ್ಯುರಿಟಿಯಲ್ಲಿ ಅನುಭವಿಗಳಿಗೆ ಇರುವ ಸಿಐಎಸ್‌ಎಸ್‌ಪಿ ಬಗ್ಗೆ ತುಂಬಾ ಜನ ಆಸೆಯಿಂದ ಕೇಳುತ್ತಾರೆ. ಪರೀಕ್ಷೆ ಪಾಸಾದರೆ ಸಾಲದು, ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಿ ಸೇರಿ ಐದು ವರ್ಷದ ಸಂಬಳದ ಅನುಭವ ಬೇಕು. ಪದವಿಗೋ, ಒಪ್ಪಿತ ಸರ್ಟಿಫಿಕೇಟ್‌ಗೋ ಒಂದು ವರ್ಷ ರಿಯಾಯಿತಿ ಸಿಗುತ್ತದೆ. ಅನುಭವ ಇಲ್ಲದೆ ಪಾಸಾದವರನ್ನು "ಅಸೋಸಿಯೇಟ್" ಅನ್ನುತ್ತಾರೆ, ಬಾಕಿ ಅನುಭವ ಗಳಿಸಲು ಆರು ವರ್ಷ ಕೊಡುತ್ತಾರೆ. ಹೊಸಬರಿಗೆ ಇದು ಸದ್ಯಕ್ಕೆ ಬೇಡ. ತಂಡ ನಡೆಸುವ, ಆಡಿಟ್ ಎದುರಿಸುವ ಹಂತಕ್ಕೆ ಬಂದವರಿಗೆ ಮಾತ್ರ ಇದರ ಓದು ದಿನದ ಕೆಲಸಕ್ಕೆ ತಾಳೆ ಆಗುತ್ತದೆ.

ಇನ್ನು ಓಎಸ್‌ಸಿಪಿ. ಇದು ಪೆನೆಟ್ರೇಶನ್ ಟೆಸ್ಟಿಂಗ್, ಅಂದರೆ ಒಪ್ಪಿಗೆ ಪಡೆದು ದಾಳಿ ಮಾಡಿ ದೋಷ ಹುಡುಕುವ ಕೆಲಸ, ಮಾಡಬೇಕು ಅನ್ನುವವರಿಗೆ. 23 ಗಂಟೆ 45 ನಿಮಿಷ ಯಂತ್ರಗಳ ಮೇಲೆ ದಾಳಿ ಮಾಡಿ, ಆಮೇಲೆ 24 ಗಂಟೆಯೊಳಗೆ ವರದಿ ಬರೆದು ಕಳಿಸಬೇಕು. ಲಿನಕ್ಸ್ ಮತ್ತು ನೆಟ್‌ವರ್ಕಿಂಗ್ ಎರಡೂ ಕೈಗೆ ಬರುವ ಮೊದಲು ಇದಕ್ಕೆ ದುಡ್ಡು ಕಟ್ಟಬೇಡಿ.

ಕ್ಲೌಡ್: ಯಾವ ಕಂಪನಿ ಅನ್ನೋದಕ್ಕಿಂತ ಯಾವ ಮಟ್ಟ

ಇಲ್ಲಿ ಎರಡು ಪ್ರಶ್ನೆ ಕಲಸಿಹೋಗುತ್ತವೆ. ಒಂದು, ಎಡಬ್ಲ್ಯುಎಸ್, ಅಝೂರ್, ಗೂಗಲ್‌ನಲ್ಲಿ ಯಾವುದು. ಎರಡು, ಮೂಲಭೂತ ಮಟ್ಟದ್ದು ಮಾಡಬೇಕಾ, ನೇರವಾಗಿ ಅಸೋಸಿಯೇಟ್ ಮಟ್ಟಕ್ಕೆ ಹೋಗಬೇಕಾ.

ಎರಡನೆಯದಕ್ಕೆ ಮೊದಲು ಉತ್ತರ. ಎಡಬ್ಲ್ಯುಎಸ್ ಕ್ಲೌಡ್ ಪ್ರಾಕ್ಟಿಷನರ್ ಆಗಲಿ, ಮೈಕ್ರೋಸಾಫ್ಟ್‌ನ ಎಝಡ್-900 ಆಗಲಿ, ಮಾರಾಟ, ಪ್ರಾಜೆಕ್ಟ್ ನಿರ್ವಹಣೆ, ಹಣಕಾಸು ವಿಭಾಗದಲ್ಲಿ ಇರುವವರಿಗೆ ಚೆನ್ನಾಗಿ ಹೊಂದುತ್ತವೆ. ತಾಂತ್ರಿಕ ಕೆಲಸದಲ್ಲಿ ಇರುವವರಿಗೆ ಇವು ಬರೀ ಪೀಠಿಕೆ. ಒಂದೇ ಒಂದು ಲಾಭ: ಎಡಬ್ಲ್ಯುಎಸ್‌ನಲ್ಲಿ ಯಾವ ಪರೀಕ್ಷೆ ಪಾಸಾದರೂ ಮುಂದಿನದಕ್ಕೆ ಅರ್ಧ ಶುಲ್ಕದ ರಿಯಾಯಿತಿ ಸಿಗುತ್ತದೆ. ಪ್ರಾಕ್ಟಿಷನರ್ 100 ಡಾಲರ್, ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ 150. ಎರಡನ್ನೂ ಸಾಲಾಗಿ ಮಾಡಿದರೆ 175 ಆಗುತ್ತದೆ. ಅಂದರೆ ಪರೀಕ್ಷೆಯ ಭಯ ಹೋಗಲಿ ಅಂತ ಮೊದಲನೆಯದು ಬರೆಯೋಕೆ ಬರೀ 25 ಡಾಲರ್ ಹೆಚ್ಚು. ಪರೀಕ್ಷೆ ಅಂದರೆ ಕೈ ನಡುಗುವವರು ಹಾಗೆ ಮಾಡಲಿ, ಉಳಿದವರು ನೇರ ಅಸೋಸಿಯೇಟ್ ಬರೆಯಲಿ. ಎಝಡ್-900ಗೆ ಇನ್ನೊಂದು ಗುಣ ಇದೆ, ಮೈಕ್ರೋಸಾಫ್ಟ್‌ನ ಮೂಲಭೂತ ಮಟ್ಟದ ಸರ್ಟಿಫಿಕೇಟ್‌ಗಳಿಗೆ ಕೊನೆಯ ದಿನಾಂಕವೇ ಇಲ್ಲ.

ಈಗ ಯಾವ ಕಂಪನಿ ಅನ್ನೋದು. ನಿಮ್ಮ ಕಚೇರಿಯಲ್ಲಿ ಯಾವುದು ಓಡುತ್ತಿದೆಯೋ ಅದು. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಚೇರಿಯಲ್ಲಿ ಯಾವುದೂ ಇಲ್ಲ ಅಂದರೆ ಜಾಹೀರಾತಿನ ಎಣಿಕೆ ಹೇಳಿದ್ದನ್ನು ಮಾಡಿ. ವಿಂಡೋಸ್ ಸರ್ವರ್, ಆಕ್ಟಿವ್ ಡೈರೆಕ್ಟರಿ ನೋಡಿಕೊಳ್ಳುವವರಿಗೆ ಎಝಡ್-104 ಸಹಜ, ಅದರಲ್ಲಿ ಬಳಕೆದಾರರ ಗುರುತು ಮತ್ತು ಆಡಳಿತದ ಭಾಗಕ್ಕೇ 20ರಿಂದ 25 ಶೇಕಡಾ ತೂಕ ಇದೆ, ಅಂದರೆ ಐದರಲ್ಲೊಂದು ಭಾಗ ನಿಮಗೆ ಆಗಲೇ ಪರಿಚಿತ. ಅಪ್ಲಿಕೇಶನ್ ಬರೆಯುವವರಿಗೆ, ಹೊಸ ಕಂಪನಿಗಳ ಕಡೆ ನೋಡುತ್ತಿರುವವರಿಗೆ ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಹೊಂದಬಹುದು. 65 ಪ್ರಶ್ನೆ, 130 ನಿಮಿಷ, 1000ಕ್ಕೆ 720. 65ರಲ್ಲಿ 15 ಪ್ರಶ್ನೆಗೆ ಅಂಕವೇ ಇಲ್ಲ, ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸುತ್ತಿರುತ್ತಾರೆ, ಆದರೆ ಯಾವ 15 ಅಂತ ನಿಮಗೆ ಗೊತ್ತಾಗಲ್ಲ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಖಾಲಿ ಬಿಡಬೇಡಿ. ಗೂಗಲ್‌ನ ಅಸೋಸಿಯೇಟ್ ಕ್ಲೌಡ್ ಎಂಜಿನಿಯರ್ 125 ಡಾಲರ್, ಎರಡು ಗಂಟೆ. ಕಂಪನಿಯಲ್ಲಿ ಗೂಗಲ್ ಕ್ಲೌಡ್ ಇದ್ದರೆ ಖಂಡಿತ ಮಾಡಿ, ಇಲ್ಲದಿದ್ದರೆ ಎರಡನೆಯ ಕ್ಲೌಡ್ ಆಗಿ ಇಟ್ಟುಕೊಳ್ಳಿ.

ನವೀಕರಣದಲ್ಲಿ ಅಝೂರ್ ಮತ್ತು ಎಡಬ್ಲ್ಯುಎಸ್ ನಡುವೆ ದೊಡ್ಡ ಅಂತರ ಇದೆ, ಇದನ್ನು ತುಂಬಾ ಜನ ಉಲ್ಟಾ ಅರ್ಥ ಮಾಡಿಕೊಳ್ಳುತ್ತಾರೆ. ಎಝಡ್-104 ಒಂದೇ ವರ್ಷಕ್ಕೆ ಮುಗಿಯುತ್ತದೆ, ಎಡಬ್ಲ್ಯುಎಸ್‌ನದು ಮೂರು ವರ್ಷ. ಮೊದಲ ನೋಟಕ್ಕೆ ಎಡಬ್ಲ್ಯುಎಸ್ ಲಾಭ ಅನ್ನಿಸುತ್ತದೆ. ಆದರೆ ಮೈಕ್ರೋಸಾಫ್ಟ್‌ನ ನವೀಕರಣ ಪುಕ್ಕಟೆ, ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಬರೆಯೋದು, ಮೇಲ್ವಿಚಾರಕರೂ ಇರಲ್ಲ, ಫೇಲಾದರೆ ಮತ್ತೆ ಬರೆಯಬಹುದು. ಅವಧಿ ಮುಗಿಯುವ ಆರು ತಿಂಗಳ ಮುಂಚೆಯೇ ಬಾಗಿಲು ತೆರೆಯುತ್ತದೆ. ಇಷ್ಟೆಲ್ಲ ಇದ್ದೂ ದಿನಾಂಕ ಮರೆತರೆ ಮಾತ್ರ ಪೂರ್ತಿ ಪರೀಕ್ಷೆ ಮತ್ತೆ ದುಡ್ಡು ಕೊಟ್ಟು ಬರೆಯಬೇಕು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ಶಿಸ್ತು ಇರುವವರಿಗೆ ಮೈಕ್ರೋಸಾಫ್ಟ್ ಅಗ್ಗ, ಮರೆಗುಳಿಗಳಿಗೆ ಎಡಬ್ಲ್ಯುಎಸ್ ಸುರಕ್ಷಿತ.

ಕ್ಲೌಡ್ ಓದಿನ ನಿಜವಾದ ಅಪಾಯ ಬಿಲ್. ಅಝೂರ್ ಹೊಸ ಖಾತೆಗೆ 30 ದಿನಕ್ಕೆ 200 ಡಾಲರ್ ಕ್ರೆಡಿಟ್ ಕೊಡುತ್ತದೆ, ಗೂಗಲ್ 90 ದಿನಕ್ಕೆ 300. ಖಾತೆಯನ್ನು ಓದು ಶುರು ಮಾಡಿದ ದಿನವೇ ತೆರೆಯಬೇಡಿ, ಮೊದಲ ಎರಡು ವಾರ ಬರೀ ಓದಿನಲ್ಲೇ ಹೋಗುತ್ತದೆ, ಕ್ರೆಡಿಟ್ ಸುಮ್ನೆ ಹಾಳು. ಲ್ಯಾಬ್‌ಗೆ ಕೂರುವ ದಿನ ತೆರೆಯಿರಿ. ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬಜೆಟ್ ಅಲರ್ಟ್ ಇಡೋದು. ನ್ಯಾಟ್ ಗೇಟ್‌ವೇ (ಒಳಗಿನ ಯಂತ್ರಗಳಿಗೆ ಇಂಟರ್ನೆಟ್‌ಗೆ ದಾರಿ ಕೊಡುವ ಸೇವೆ) ಥರದವು ಟ್ರಾಫಿಕ್ ಇಲ್ಲದಿದ್ದರೂ ಗಂಟೆ ಲೆಕ್ಕದಲ್ಲಿ ಹಣ ತಿನ್ನುತ್ತವೆ. ಎಡಬ್ಲ್ಯುಎಸ್‌ನಲ್ಲಿ ಒಂದು ಇಕೆಎಸ್ ಕ್ಲಸ್ಟರ್ (ಕ್ಯೂಬರ್ನೆಟೀಸ್ ನಡೆಸುವ ಸೇವೆ) ಸುಮ್ಮನೆ ನಿಂತಿದ್ದರೂ ಅದನ್ನು ನಿಯಂತ್ರಿಸುವ ಭಾಗವಾದ ಕಂಟ್ರೋಲ್ ಪ್ಲೇನ್‌ಗೇ ಗಂಟೆಗೆ 10 ಸೆಂಟ್, ದಿನಕ್ಕೆ 2.40 ಡಾಲರ್. ಅಭ್ಯಾಸ ಮುಗಿದ ತಕ್ಷಣ ಕಟ್ಟಿದ್ದನ್ನೆಲ್ಲ ಅಳಿಸಿ ಏಳಬೇಕು. ಅಳಿಸೋದೂ ಒಂದು ಪಾಠವೇ, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅಂತ ಆಗಲೇ ಗೊತ್ತಾಗೋದು.

ಕೈಯಾರೆ ಮಾಡಿ ತೋರಿಸುವವು: ಆರ್‌ಎಚ್‌ಸಿಎಸ್‌ಎ ಮತ್ತು ಸಿಕೆಎ

ನನಗೆ ಇವುಗಳ ಮೇಲೆ ಪಕ್ಷಪಾತ ಇದೆ, ಮುಚ್ಚಿಡಲ್ಲ. ಇವುಗಳಲ್ಲಿ ಅಂದಾಜಿಗೆ ಗುರುತು ಹಾಕಿ ಪಾಸಾಗಲು ದಾರಿ ಇಲ್ಲ.

ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಲಿನಕ್ಸ್ ಯಂತ್ರಗಳನ್ನು ಕೊಟ್ಟು ಕೆಲಸಗಳ ಪಟ್ಟಿ ಕೊಡುತ್ತಾರೆ. ಬಳಕೆದಾರರನ್ನು ಸೇರಿಸಿ, ಡಿಸ್ಕ್ ಭಾಗ ಮಾಡಿ, ಎಲ್‌ವಿಎಂ (ಡಿಸ್ಕ್ ಜಾಗ ಹಂಚುವ ವ್ಯವಸ್ಥೆ) ಹಿಗ್ಗಿಸಿ, ಎಸ್‌ಇ ಲಿನಕ್ಸ್ (ಸುರಕ್ಷತೆಯ ಪದರ) ಸರಿಮಾಡಿ, ಹೀಗೆ. 300ಕ್ಕೆ 210 ಬೇಕು. ಇಂಟರ್ನೆಟ್ ಇರಲ್ಲ, ಆದರೆ ಯಂತ್ರದಲ್ಲೇ ಇರುವ ಮ್ಯಾನ್ ಪುಟಗಳನ್ನು, ಅಂದರೆ ಕಮಾಂಡ್‌ಗಳ ಕೈಪಿಡಿಯನ್ನು ನೋಡಬಹುದು. ಎಷ್ಟೋ ಜನ ಎಡವುವ ಜಾಗ ಒಂದೇ: ರೀಬೂಟ್ ಆದಮೇಲೂ ನೀವು ಮಾಡಿದ್ದು ಉಳಿದಿರಬೇಕು. ಫೈಲ್ ಸಿಸ್ಟಂ ಮೌಂಟ್ ಮಾಡಿ ಎಫ್‌ಎಸ್‌ಟ್ಯಾಬ್‌ನಲ್ಲಿ (ಯಂತ್ರ ಏಳುವಾಗ ಏನೇನು ಮೌಂಟ್ ಆಗಬೇಕು ಅನ್ನುವ ಕಡತ) ಬರೆಯದಿದ್ದರೆ ಅಂಕ ಇಲ್ಲ. ಬರೆದು ಅಲ್ಲೇ ತಪ್ಪಿದರೆ ಯಂತ್ರವೇ ಸರಿಯಾಗಿ ಏಳಲ್ಲ, ಆಗ ಬೇರೆ ಅಂಕಗಳೂ ಜೊತೆಗೆ ಹೋಗುತ್ತವೆ. ಓದುವಾಗಲೂ ಹಾಗೇ, ಪ್ರತಿ ಲ್ಯಾಬ್ ಆದಮೇಲೆ ರೀಬೂಟ್ ಮಾಡಿ ನೋಡಿ. ಲ್ಯಾಬ್ ಖರ್ಚು ಹೆಚ್ಚು ಕಡಿಮೆ ಸೊನ್ನೆ. ರೆಡ್ ಹ್ಯಾಟ್ ಡೆವಲಪರ್ ಸಬ್‌ಸ್ಕ್ರಿಪ್ಶನ್ ಒಬ್ಬರಿಗೆ ಪುಕ್ಕಟೆಯಾಗಿ 16 ಸಿಸ್ಟಂವರೆಗೆ ಸಿಗುತ್ತದೆ, ಕಂಪ್ಯೂಟರ್‌ನೊಳಗೇ ಬೇರೆ ಯಂತ್ರ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಯಂತ್ರ ಎಬ್ಬಿಸಿದರೆ ಸಾಕು.

ಸಿಕೆಎ ಕ್ಯೂಬರ್ನೆಟೀಸ್ ಅಡ್ಮಿನ್‌ಗಳದು. ಎರಡು ಗಂಟೆ, 66 ಶೇಕಡಾ ಬಂದರೆ ಪಾಸ್. ಶುಲ್ಕ ದುಬಾರಿ, ಪಟ್ಟಿ ಬೆಲೆ 400 ಡಾಲರ್ ಮೀರುತ್ತದೆ. ಆದರೆ ಅದರಲ್ಲೇ ಒಂದು ಮರುಪರೀಕ್ಷೆ ಸೇರಿದೆ, ಅಸಲಿ ಪರೀಕ್ಷೆಯ ಥರದ ಸಿಮ್ಯುಲೇಟರ್‌ನಲ್ಲಿ ಎರಡು ಸಲ ಕೂರುವ ಅವಕಾಶವೂ ಇದೆ. ಬೇರೆ ಹಲವು ಕಡೆ ಫೇಲಾದರೆ ಪೂರ್ತಿ ಹಣ ಮತ್ತೆ ಕಟ್ಟಬೇಕು ಅನ್ನೋದನ್ನು ಲೆಕ್ಕ ಹಾಕಿದರೆ ಇದು ಕಂಡಷ್ಟು ದುಬಾರಿ ಅಲ್ಲ. ಪರೀಕ್ಷೆ ನಡೆಯುವಾಗ ಕ್ಯೂಬರ್ನೆಟೀಸ್‌ನ ಅಧಿಕೃತ ದಾಖಲೆಗಳನ್ನು ತೆರೆದು ನೋಡಬಹುದು. ಬಾಯಿಪಾಠ ಬೇಡ, ವೇಗ ಬೇಕು. ಯಾವ ಪುಟದಲ್ಲಿ ಯಾವ ಯಾಮಲ್ (ಕಾನ್ಫಿಗರೇಶನ್ ಬರೆಯುವ ಕಡತ) ಇದೆ ಅಂತ ಗೊತ್ತಿರಬೇಕು. ತೂಕದಲ್ಲಿ ಟ್ರಬಲ್‌ಶೂಟಿಂಗ್ ಒಂದಕ್ಕೇ 30 ಶೇಕಡಾ, ಆದ್ದರಿಂದ ಕ್ಲಸ್ಟರ್ ಕಟ್ಟೋದನ್ನು ಕಲಿತಷ್ಟೇ ಮುರಿಯೋದನ್ನೂ ಕಲಿಯಿರಿ. ಪ್ರತಿ ಸರ್ವರ್‌ನಲ್ಲೂ ಓಡುವ ಕ್ಯೂಬ್‌ಲೆಟ್ ಅನ್ನುವ ಪ್ರೋಗ್ರಾಂ ನಿಲ್ಲಿಸಿ, ತಪ್ಪು ಇಮೇಜ್ ಹೆಸರು ಕೊಡಿ, ಮ್ಯಾನಿಫೆಸ್ಟ್‌ನಲ್ಲಿ ಒಂದು ಪೋರ್ಟ್ ಬದಲಿಸಿ, ಒಂದು ದಿನ ಬಿಟ್ಟು ಬಂದು ಹುಡುಕಿ. 2024ರ ಏಪ್ರಿಲ್‌ನಿಂದ ಇದರ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಕೆಲಸದಲ್ಲಿ ಕ್ಯೂಬರ್ನೆಟೀಸ್ ಇಲ್ಲದವರಿಗೆ ಈ ಎರಡು ವರ್ಷ ತುಂಬಾ ಬೇಗ ಕಳೆಯುತ್ತದೆ.

ಲಿನಕ್ಸ್ ಗಟ್ಟಿ ಇಲ್ಲದೆ ಸಿಕೆಎಗೆ ಹೋಗಬೇಡಿ. ಮೊದಲು ಆರ್‌ಎಚ್‌ಸಿಎಸ್‌ಎ ಬರೆಯಲೇಬೇಕು ಅಂತಲ್ಲ, ಆ ಮಟ್ಟದ ಕೈಚಳಕ ಇದ್ದರೆ ಆಯಿತು.

ಹಾಗಾದರೆ ನೀವು ಯಾವ ಕಡೆ

ಹೆಲ್ಪ್‌ಡೆಸ್ಕ್‌ನಲ್ಲಿ ಒಂದೆರಡು ವರ್ಷ ಆಯಿತು, ಮುಂದೆ ಹೋಗಬೇಕು ಅಂದರೆ ನನ್ನ ಮೊದಲ ಸಲಹೆ ಸಿಸಿಎನ್‌ಎ. ನೆಟ್‌ವರ್ಕ್ ಎಂಜಿನಿಯರ್ ಆಗದಿದ್ದರೂ ಸರಿ. ಆಮೇಲೆ ಕ್ಲೌಡ್‌ಗೆ ಹೋದರೂ ಸೆಕ್ಯುರಿಟಿಗೆ ಹೋದರೂ ಆ ಓದು ವ್ಯರ್ಥ ಆಗಲ್ಲ, ಕ್ಲೌಡ್‌ನೊಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್ ಆದ ವಿಪಿಸಿಯ ಸಬ್‌ನೆಟ್ ಆಗಲಿ ಫೈರ್‌ವಾಲ್ ನಿಯಮ ಆಗಲಿ ಎಲ್ಲ ಅದರ ಮೇಲೇ ನಿಂತಿವೆ. ಕಚೇರಿ ಪೂರ್ತಿ ಮೈಕ್ರೋಸಾಫ್ಟ್ ಆಗಿದ್ದರೆ ಎಝಡ್-104 ಇದಕ್ಕಿಂತ ಮುಂಚೆ ಬರಬಹುದು.

ಸಿಸಿಎನ್‌ಎ ಈಗಾಗಲೇ ಇದ್ದು ಅದರ ಮೇಲಿನ ಮಟ್ಟದ ಸಿಸಿಎನ್‌ಪಿಗೆ ಹೋಗಬೇಕಾ, ಕ್ಲೌಡ್‌ಗೆ ತಿರುಗಬೇಕಾ ಅನ್ನುವವರು ಒಂದು ಪ್ರಶ್ನೆ ಕೇಳಿಕೊಳ್ಳಿ. ನೆಟ್‌ವರ್ಕಿಂಗ್ ಓದುವಾಗ ಖುಷಿ ಆಗಿತ್ತಾ, ಬರೀ ಮುಗಿಸಿದರೆ ಸಾಕಾಗಿತ್ತಾ? ಎರಡನೆಯದಾದರೆ ತಿರುಗಿ.

ಡೆವಲಪರ್‌ಗಳಿಗೆ ಸರ್ಟಿಫಿಕೇಟ್‌ಗಿಂತ ಅವರು ಬರೆದ ಕೋಡ್ ಜಾಸ್ತಿ ಮಾತಾಡುತ್ತದೆ. ಆದರೂ ಒಂದು ಬೇಕು ಅಂದರೆ ಎಡಬ್ಲ್ಯುಎಸ್ ಅಸೋಸಿಯೇಟ್ ಮಟ್ಟದ್ದು ಸಾಕು. ಮೂರು ಕ್ಲೌಡ್‌ನ ಮೂರು ಮೂಲಭೂತ ಸರ್ಟಿಫಿಕೇಟ್ ಪೇರಿಸಿದ ರೆಸ್ಯೂಮೆಗಿಂತ ಒಂದೇ ಕ್ಲೌಡ್‌ನಲ್ಲಿ ಆಳಕ್ಕೆ ಇಳಿದದ್ದು ಮೇಲು.

ಕೈಯಲ್ಲಿ ದುಡ್ಡು ಬಹಳ ಕಡಿಮೆ ಅಂದರೆ, ಮೊದಲು ಲ್ಯಾಬ್ ಪುಕ್ಕಟೆ ಇರುವ ದಾರಿ ಹಿಡಿಯಿರಿ, ಅಂದರೆ ಲಿನಕ್ಸ್ ಅಥವಾ ಸಿಸಿಎನ್‌ಎ. ಪಠ್ಯ ಪೂರ್ತಿ ಮುಗಿಸಿ, ಲ್ಯಾಬ್‌ಗಳನ್ನೆಲ್ಲ ಮಾಡಿ, ಬರೆದಿಟ್ಟುಕೊಳ್ಳಿ. ಪರೀಕ್ಷೆಯ ಹಣವನ್ನು ಆಮೇಲೆ ಕಂಪನಿಯಿಂದ ಕೇಳಬಹುದು. ಕೊಡಿಸಿದರೆ ಇಷ್ಟು ವರ್ಷ ಬಿಡಬಾರದು ಅನ್ನುವ ಷರತ್ತು ಇದೆಯಾ ಅಂತ ಸಹಿ ಹಾಕುವ ಮೊದಲು ಓದಿ.

ಪುರುಸೊತ್ತೇ ಕಡಿಮೆ ಇರುವವರು, ಸಂಸಾರ, ರಾತ್ರಿ ಪಾಳಿ ಎಲ್ಲ ಇರುವವರು, ಆಫೀಸಿನ ಕೆಲಸವೇ ಅರ್ಧ ಅಭ್ಯಾಸ ಆಗುವಂಥದ್ದನ್ನು ಆರಿಸಲಿ. ಅವರಿಗೆ ಬೇರೆ ಯಾವ ಲೆಕ್ಕವೂ ಮುಖ್ಯ ಅಲ್ಲ.

ಓದೋದು ಹೇಗೆ

ಮೊದಲ ದಿನ ಪುಸ್ತಕ ಬೇಡ, ವಿಡಿಯೋ ಬೇಡ. ಪರೀಕ್ಷೆ ನಡೆಸುವವರ ಸೈಟಿನಿಂದ ಅಧಿಕೃತ ವಿಷಯಪಟ್ಟಿ ಇಳಿಸಿಕೊಳ್ಳಿ. ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಮಾಡಿದ್ದೇನೆ, ಕೇಳಿದ್ದೇನೆ, ಗೊತ್ತಿಲ್ಲ. "ಕೇಳಿದ್ದೇನೆ" ಅನ್ನುವ ಸಾಲುಗಳೇ ಮೋಸ ಮಾಡೋದು, ಓದುವಾಗ ಗೊತ್ತಿದೆ ಅನ್ನಿಸಿ ದಾಟಿಬಿಡುತ್ತೇವೆ. ಅದೇ ಹೊತ್ತಿಗೆ ಆವೃತ್ತಿಯ ದಿನಾಂಕವನ್ನೂ ನೋಡಿ. ಸೆಕ್ಯುರಿಟಿ ಪ್ಲಸ್‌ನ 701 ಬಂದದ್ದು 2023ರ ನವೆಂಬರ್‌ನಲ್ಲಿ, ಹಳೆಯ 601 ನಿಂತದ್ದು 2024ರ ಜುಲೈ ಕೊನೆಗೆ. ಅಂಥ ಸಂದಿಯಲ್ಲಿ ಸಿಕ್ಕಿಕೊಂಡರೆ ಹಳೆಯ ಪುಸ್ತಕ ಓದಿ ಹೊಸ ಪರೀಕ್ಷೆ ಬರೆಯುವ ಗತಿ ಬರುತ್ತದೆ.

ಒಂದು ವಿಡಿಯೋ ಕೋರ್ಸ್, ಒಂದು ಪುಸ್ತಕ, ಒಂದು ಅಭ್ಯಾಸ ಪ್ರಶ್ನೆಗಳ ಸೆಟ್. ಇಷ್ಟು ಸಾಕು. ನಾಲ್ಕು ಕೋರ್ಸ್ ಕೊಂಡವರು ನಾಲ್ಕರದ್ದೂ ಮೊದಲ ಅಧ್ಯಾಯ ಚೆನ್ನಾಗಿ ಕಲಿತಿರುತ್ತಾರೆ.

ವಿಡಿಯೋ ನೋಡುವಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ. ಆ ಭಾವನೆಯನ್ನು ನಂಬಬೇಡಿ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿ ಆಮೇಲೆ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ನೋಡಿದರೆ ನೆನಪಿಸಿಕೊಂಡವರು ಮುಂದೆ. ನಿಮ್ಮ ಪರೀಕ್ಷೆ ಐದು ನಿಮಿಷದಲ್ಲಿ ಇಲ್ಲ ತಾನೇ? ಹಾಗಾಗಿ ಪ್ರತಿ ಪಾಠ ಆದಮೇಲೆ ಖಾಲಿ ಹಾಳೆ ತೆಗೆದು ನೆನಪಿದ್ದಷ್ಟು ಬರೆಯಿರಿ, ಆಮೇಲೆ ತೆರೆದು ಬಿಟ್ಟುಹೋದದ್ದನ್ನು ನೋಡಿ. ಪೋರ್ಟ್ ಸಂಖ್ಯೆ, ಸಂಕ್ಷಿಪ್ತ ಪದ, ಸೇವೆಗಳ ಮಿತಿ, ಇಂಥ ಒಣ ವಿಷಯಗಳನ್ನು ಆಂಕಿಯಂಥ ಕಾರ್ಡ್ ತಂತ್ರಾಂಶಕ್ಕೆ ಹಾಕಿ ದಿನಾ ಹದಿನೈದು ನಿಮಿಷ ಕೊಡಿ. ಕಾರ್ಡ್‌ಗಳನ್ನು ನೀವೇ ಬರೆಯಿರಿ. ಬೇರೆಯವರ ಸಿದ್ಧ ಕಟ್ಟು ಇಳಿಸಿಕೊಂಡರೆ ಬರೆಯುವಾಗ ಆಗುವ ಕಲಿಕೆ ಕೈತಪ್ಪುತ್ತದೆ.

ಮೂರನೇ ಒಂದು ಭಾಗ ಪಠ್ಯ ಮುಗಿದಾಗ ಪರೀಕ್ಷೆಯ ದಿನ ನಿಗದಿ ಮಾಡಿ. ಅದಕ್ಕಿಂತ ಮೊದಲು ಮಾಡಿದರೆ ಮುಂದೂಡುತ್ತೀರಿ, ಎಲ್ಲ ಮುಗಿದ ಮೇಲೆ ಅಂದರೆ ಮುಗಿಯೋದೇ ಇಲ್ಲ. ಎಷ್ಟು ದಿನ ಮುಂಚೆ, ಎಷ್ಟು ಸಲ ದಿನ ಬದಲಿಸಬಹುದು ಅನ್ನೋದನ್ನು ಬುಕ್ ಮಾಡುವಾಗಲೇ ಓದಿಕೊಳ್ಳಿ.

ಅಭ್ಯಾಸ ಪರೀಕ್ಷೆಯ ಅಂಕ ನೋಡಿ ಹಿಗ್ಗಬೇಡಿ, ಕುಗ್ಗಲೂ ಬೇಡಿ. ಅದೇ ಸೆಟ್ ಮೂರನೇ ಸಲ ಬರೆದು 95 ಬಂದರೆ ಪ್ರಶ್ನೆ ನೆನಪಿದೆ ಅಂತ ಅರ್ಥ. ಮೊದಲ ಸಲದ ಅಂಕ ಮಾತ್ರ ನಿಜ. ಪ್ರತಿ ಪ್ರಶ್ನೆಯಲ್ಲೂ ಸರಿ ಉತ್ತರ ಯಾಕೆ ಸರಿ ಅನ್ನೋದಕ್ಕಿಂತ ಉಳಿದ ಮೂರು ಯಾಕೆ ತಪ್ಪು ಅಂತ ನಿಮ್ಮದೇ ಮಾತಿನಲ್ಲಿ ಹೇಳಿ. ಎಡಬ್ಲ್ಯುಎಸ್ ಪರೀಕ್ಷೆಯಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಅಲ್ಲಿ ಎರಡು ಉತ್ತರ ಕೆಲಸ ಮಾಡುವಂಥವೇ ಇರುತ್ತವೆ, "ಕಡಿಮೆ ಖರ್ಚಿನಲ್ಲಿ" ಅಥವಾ "ಕಡಿಮೆ ನಿರ್ವಹಣೆಯಲ್ಲಿ" ಅನ್ನುವ ಒಂದು ಮಾತಿನ ಮೇಲೆ ಆಯ್ಕೆ ನಿಂತಿರುತ್ತದೆ.

ಡಂಪ್‌ಗಳು, ಅಂದರೆ ಅಸಲಿ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೆಗಳು, ಬೇಡ. ಪರೀಕ್ಷೆಗೆ ಮೊದಲು ನೀವು ಒಪ್ಪುವ ಗೋಪ್ಯತೆಯ ಕರಾರಿಗೆ ಅದು ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು, ಮುಂದೆ ಬರೆಯದಂತೆ ನಿಷೇಧವೂ ಬೀಳಬಹುದು. ಅದೆಲ್ಲ ಪಕ್ಕಕ್ಕಿಟ್ಟರೂ, ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಪರೀಕ್ಷೆಯ ದಿನಕ್ಕೆ ಎರಡು ಮಾತು. ಕಾಂಪ್‌ಟಿಯಾದಲ್ಲಿ ಮಾಡಿ ತೋರಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಶುರುವಿನಲ್ಲೇ ಬರುತ್ತವೆ, ಅವನ್ನು ಗುರುತು ಹಾಕಿ ಬಿಟ್ಟು ಕೊನೆಗೆ ಮಾಡಿ. ಸಿಸಿಎನ್‌ಎಯಲ್ಲಿ ಹಾಗೆ ಮಾಡೋಕೆ ಆಗಲ್ಲ, ಮೇಲೆ ಹೇಳಿದೆನಲ್ಲ. ಮನೆಯಿಂದ ಬರೆಯುವುದಾದರೆ ಸಿಸ್ಟಂ ಟೆಸ್ಟನ್ನು ಅದೇ ಕಂಪ್ಯೂಟರ್‌ನಲ್ಲಿ, ಅದೇ ನೆಟ್‌ವರ್ಕ್‌ನಲ್ಲಿ ಹಿಂದಿನ ದಿನವೇ ಮಾಡಿ. ಕಚೇರಿಯ ಲ್ಯಾಪ್‌ಟಾಪ್ ಬಳಸಬೇಡಿ, ಅದರ ಸೆಕ್ಯುರಿಟಿ ತಂತ್ರಾಂಶ ಪರೀಕ್ಷೆಯ ತಂತ್ರಾಂಶವನ್ನು ತಡೆಯಬಹುದು. ಕೋಣೆಗೆ ಯಾರಾದರೂ ಬರುವ ಸಾಧ್ಯತೆ ಇದ್ದರೆ ಪರೀಕ್ಷಾ ಕೇಂದ್ರವೇ ವಾಸಿ.

ಫೇಲಾದರೆ ಕಾಯುವ ಅವಧಿ ಒಬ್ಬೊಬ್ಬರದು ಒಂದೊಂದು ಥರ. ಸಿಸಿಎನ್‌ಎಗೆ ಐದು ದಿನ, ಎಡಬ್ಲ್ಯುಎಸ್‌ಗೆ 14 ದಿನ, ಮೈಕ್ರೋಸಾಫ್ಟ್‌ನಲ್ಲಿ ಮೊದಲ ಸಲಕ್ಕೆ 24 ಗಂಟೆ, ಕಾಂಪ್‌ಟಿಯಾದಲ್ಲಿ ಎರಡನೇ ಪ್ರಯತ್ನಕ್ಕೆ ಕಾಯುವುದೇ ಬೇಕಿಲ್ಲ. ಕಾಯಬೇಕಿಲ್ಲ ಅಂತ ಮರುದಿನವೇ ಬುಕ್ ಮಾಡಬೇಡಿ. ಕೇಂದ್ರದಿಂದ ಹೊರಗೆ ಬಂದ ತಕ್ಷಣ, ಯಾವ ವಿಷಯಗಳಲ್ಲಿ ಕೈ ತಡವರಿಸಿತು ಅಂತ ನಿಮಗಾಗಿ ಪಟ್ಟಿ ಬರೆದುಕೊಳ್ಳಿ. ಪ್ರಶ್ನೆಗಳನ್ನು ಬರೆಯಬೇಡಿ, ವಿಷಯಗಳನ್ನು ಮಾತ್ರ. ಅಂಕಪಟ್ಟಿಯಲ್ಲಿ ವಿಭಾಗವಾರು ಕೊಟ್ಟದ್ದನ್ನು ಆ ಪಟ್ಟಿಯ ಪಕ್ಕ ಇಟ್ಟು ನೋಡಿ. ಎರಡರಲ್ಲೂ ಇರುವ ವಿಭಾಗದ ಲ್ಯಾಬ್‌ಗಳನ್ನು ಮೊದಲಿನಿಂದ ಇನ್ನೊಮ್ಮೆ ಮಾಡಿ, ಆಮೇಲೆ ದಿನ ಹುಡುಕಿ.